ಹೆಬ್ಬಾಳದ ಕಿಟ್ಟಯ್ಯನಿಗೊಂದು ಸೂರು

ಚನ್ನರಾಯನದುರ್ಗದ ಬೆಟ್ಟ ಕಾಣುವ ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಚಿಕ್ಕಂದಿನಲ್ಲಿ ಅದರ ನೆತ್ತಿಯ ಮೇಲೆ ಕುಡುಗೋಲು ಮಸೆದವರು ನಾವು. ಆ ಅಳುಕೇ ಇರಬೇಕು, ಬೆಂಗಳೂರಿನ ಹೆಬ್ಬಾಳದಲ್ಲಿ ಜನ ವಂತಿಗೆ ಎತ್ತಿ ಒಂದು ವೀರಗಲ್ಲಿಗೆ ಮಂಟಪ ಕಟ್ಟಿಸಿದ್ದಾರೆಂದು ಕೇಳಿದಾಗ ಸುಮ್ಮನಿರಲಾಗದೆ ಹೊರಟೆ.

ಆ ಕಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕಿದ್ದು. ಶಾಸನಗಳ ಹುಚ್ಚು ಹಿಡಿದ ಹವ್ಯಾಸಿಗಳೂ ಊರವರೂ ಕೈಜೋಡಿಸದಿದ್ದರೆ ಯಾವುದೋ ತಳಪಾಯಕ್ಕೆ ಸೇರಿಬಿಡುತ್ತಿತ್ತು. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಳೆಯದೆನ್ನುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದವನು ದೊರೆಯಲ್ಲ, ಆ ಕಲ್ಲಿನ ವೀರ ಕಿಟ್ಟಯ್ಯ. ರಟ್ಟವಾಡಿ ನಾಡಿನವರು ಏರಿ ಬಂದಾಗ ಕಾದಿ ಇಂದ್ರಲೋಕ ಸೇರಿದ ಎಂಬಲ್ಲಿಗೆ ಅವನ ಕತೆ ಮುಗಿಯುತ್ತದೆ. ಎಷ್ಟು ವಯಸ್ಸು, ಮಕ್ಕಳೆಷ್ಟು, ಯಾರು ಅತ್ತರು, ಒಂದೂ ಇಲ್ಲ. ಆದರೆ ಹೆಸರು ನೋಡಿ! ನಮ್ಮೂರ ಅರಳಿಕಟ್ಟೆಯಲ್ಲಿ ನಿಂತು 'ಕಿಟ್ಟಯ್ಯಾ' ಎಂದು ಕೂಗಿದರೆ ಈಗಲೂ ಒಬ್ಬರಾದರೂ 'ಏನ್ಲಾ' ಎಂದಾರು. ಅವನು ಕಾದ ನಾಡು ಪೆರ್ಬೊಳಲು. ಪೊಳಲು ಎಂದರೆ ಪಟ್ಟಣ, ಪೆರ್ ಎಂದರೆ ದೊಡ್ಡದು. ಹಳಗನ್ನಡದ ಪಕಾರ ಹಕಾರವಾಗಿ, ಬಾಯಿಂದ ಬಾಯಿಗೆ ಸವೆದು, ಈಗ ಬಸ್ಸಿನ ಬೋರ್ಡಿನಲ್ಲಿ ಹೆಬ್ಬಾಳ. ಫ್ಲೈಓವರ್ ಮೇಲೆ ಗಾಡಿ ನಿಂತಾಗ ಬೈದುಕೊಳ್ಳುವ ಎಷ್ಟು ಮಂದಿಗೆ ಈ ಹೆಸರಿನ ವಯಸ್ಸು ಗೊತ್ತು?

ಇಂಥ ಕಲ್ಲುಗಳನ್ನು ಉಳಿಸುವ ಕೆಲಸಕ್ಕೆ ಇಳಿದವರಲ್ಲಿ ಬಹುಪಾಲು ಬೇರೆ ಉದ್ಯೋಗದವರು. ಬಿಡುವಾದಾಗ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳನ್ನು ಹಿಡಿದು ಹಳೆಯ ಕಲ್ಲು ಹುಡುಕುವವರು. 1905ರ ಬೆಂಗಳೂರು ಸಂಪುಟದಲ್ಲಿ ಕಿಟ್ಟಯ್ಯನಿಲ್ಲ. ಆಗ ಅವನು ಮಣ್ಣೊಳಗಿದ್ದ.

ಹಿಂದೆಲ್ಲ ಶಾಸನದ ಪಡಿಯಚ್ಚು ತೆಗೆಯುವುದೇ ಒಂದು ಕುಸುರಿ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಮೆಲ್ಲಗೆ ಬಡಿದು ಗೀರಿನೊಳಕ್ಕೆ ಇಳಿಸಬೇಕು. ಮೇಲೆ ಮಸಿ ಒತ್ತಿದರೆ ಕಾಗದದ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಈಗ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸಿದೆ. ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿದರೆ ಸವೆದ ಅಕ್ಷರವೂ ತಲೆಯೆತ್ತುತ್ತದೆ. ನನಗೇನೋ ಮಸಿ ಮೆತ್ತಿದ ಬೆರಳೇ ಇಷ್ಟ.

ನಮ್ಮ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಶಾಸನಗಳು ರೈಸ್ ಅವರ 1904ರ ತುಮಕೂರು ಸಂಪುಟದಲ್ಲಿವೆ. ಅವುಗಳಲ್ಲಿ ಎಷ್ಟು ಕಲ್ಲುಗಳು ಇದ್ದಲ್ಲೇ ಇವೆಯೋ, ಊರೂರು ಅಲೆದೇ ನೋಡಬೇಕು.

ಮೊನ್ನೆ ಊರಿಗೆ ಹೋದಾಗ ಬಿಂದಿಗೆ ನೀರು, ತೆಂಗಿನ ನಾರು ಹಿಡಿದು ಏರಿ ಹತ್ತಿದೆ. ಉಜ್ಜಿದಷ್ಟೂ ಪಾಚಿ. ಅಕ್ಷರ ಒಂದೂ ಇರಲಿಲ್ಲ, ಬಿಲ್ಲು ಹಿಡಿದ ಕೈಯೊಂದು ಕಂಡಿತು. ನಾವು ಕುಡುಗೋಲು ಮಸೆದ ಗುಳಿಯಲ್ಲಿ ರಾತ್ರಿಯ ಮಳೆನೀರು ನಿಂತಿತ್ತು.