ಹಿತ್ತಲ ಕೋಳಿಗೂಡು: ಎಲ್ಲಿ ಕಟ್ಟಬೇಕು?

ಗಿರಿರಾಜ, ಸ್ವರ್ಣಧಾರ ತಳಿಗಳು ಬಂದ ಮೇಲೆ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವುದು ಅನೇಕ ರೈತ ಕುಟುಂಬಗಳ ಕೈಖರ್ಚಿಗೆ ಆಧಾರವಾಗಿದೆ. ಆದರೆ ಮರಿ ತಂದ ಮೇಲೆ ಗೂಡಿಗೆ ಜಾಗ ಹುಡುಕುವವರೇ ಹೆಚ್ಚು. ನೆರೆಮನೆಯ ಗೋಡೆಗೆ ಒತ್ತಿ ಕಟ್ಟಿದ ಗೂಡಿನಿಂದ ಜಗಳ ಹುಟ್ಟಿ, ಕೊನೆಗೆ ಗೂಡನ್ನೇ ಕೀಳಬೇಕಾದ ಪ್ರಸಂಗ ಬರುವುದುಂಟು. ಆದ್ದರಿಂದ ಮರಿ ಕೊಳ್ಳುವ ಮೊದಲೇ ಜಾಗ ಗೊತ್ತುಮಾಡಿಕೊಳ್ಳುವುದು ಲೇಸು.

ಕಾನೂನಿನ ಕಟ್ಟಳೆಗಳು

1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ ಪ್ರಕಾರ ಕೋಳಿ ಸಾಕಣೆಯೂ ವ್ಯವಸಾಯವೇ. ಹಾಗೆಂದು ಎಲ್ಲಿ ಬೇಕಾದರೂ ಗೂಡು ಕಟ್ಟಬಹುದೆಂದು ಅರ್ಥವಲ್ಲ. ಹಳ್ಳಿಯಲ್ಲಿ ಕಟ್ಟಡ ಕಟ್ಟಲು 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯತಿಯ ಅನುಮತಿ ಬೇಕು. ಎತ್ತಿಡಬಹುದಾದ ಸಣ್ಣ ಮರದ ಗೂಡಾದರೂ ಒಮ್ಮೆ ಪಂಚಾಯತಿಯಲ್ಲಿ ವಿಚಾರಿಸಿಕೊಳ್ಳಿ. ಪಟ್ಟಣದವರು ಪುರಸಭೆ ಅಥವಾ ನಗರಸಭೆಯಲ್ಲಿ ಕೇಳಬೇಕು.

ಹೊಸ ಕೋಳಿ ಫಾರಂಗಳು ವಸತಿ ಪ್ರದೇಶದಿಂದ 500 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆ ಮಾರ್ಗಸೂಚಿಯಲ್ಲಿ ಸಣ್ಣ ಫಾರಂ ಎಂದರೆ 5,000 ದಿಂದ 25,000 ಕೋಳಿಗಳು. ಹಿತ್ತಲ ಗೂಡಿಗೆ ಈ ಅಳತೆ ಹಾಕಬೇಕಾಗಿಲ್ಲ. ಆದರೆ ದುರ್ವಾಸನೆ, ನೊಣಗಳಿಂದ ಸಾರ್ವಜನಿಕರಿಗೆ ತೊಂದರೆಯಾದರೆ ಅದನ್ನು ನಿವಾರಿಸುವಂತೆ ದಂಡಾಧಿಕಾರಿಗಳು ಆಜ್ಞೆ ಮಾಡಬಹುದು. 2024ರ ಜುಲೈ 1 ರಿಂದ ಈ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಹತ್ತೇ ಕೋಳಿಗಳೆಂದು ಇದರಿಂದ ವಿನಾಯಿತಿಯಿಲ್ಲ.

ಜಾಗದ ಆಯ್ಕೆ

1. ನೆರೆಯವರ ಅಡಿಗೆಮನೆ, ಕಿಟಕಿಗಳಿಗೆ ಎದುರಾಗಿ ಗೂಡು ಬೇಡ. ಮಳೆಗಾಲದಲ್ಲಿ ಹಿಕ್ಕೆ ಒದ್ದೆಯಾಗಿ ವಾಸನೆ ಹೆಚ್ಚು. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಮನೆಗಳ ಪೂರ್ವಕ್ಕೆ ಗೂಡಿದ್ದರೆ ವಾಸನೆ ಮನೆಯೊಳಗೆ ಬಾರದು.

2. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ದೂರವಿರಲಿ, ಬಾವಿಗಿಂತ ತಗ್ಗಿನಲ್ಲಿರಲಿ.

3. ನೀರು ನಿಲ್ಲದ ಜಾಗ ನೋಡಿ. ಗೂಡಿನ ತಳ ನೆಲದಿಂದ 2 ಅಡಿ ಎತ್ತರದಲ್ಲಿದ್ದರೆ ತೇವ ತಗಲದು. ತೇವವಿದ್ದಲ್ಲಿ ರಕ್ತಭೇದಿ ರೋಗ ಬೇಗ ಹರಡುತ್ತದೆ.

4. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ ಉರಿಬಿಸಿಲು ಒಳಗೆ ಹೆಚ್ಚು ಬೀಳದು, ಗಾಳಿಯಾಡುತ್ತದೆ. ರಾತ್ರಿ ತಂಗಲು ಕೋಳಿಯೊಂದಕ್ಕೆ ಒಂದೂವರೆ ಚದರ ಅಡಿಯಂತೆ ಹತ್ತು ಕೋಳಿಗಳಿಗೆ 5 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು.

5. ಹುಲ್ಲಿನ ಬಣವೆಗೆ ತಾಗಿಸಬೇಡಿ. ಅಲ್ಲಿ ಇಲಿ, ಹೆಗ್ಗಣ, ಹಾವು ಸೇರುತ್ತವೆ.

ಫಾರಂ ಹತ್ತಿರವಿದ್ದರೆ

ಕೋಳಿ ಫಾರಂನ ಪಕ್ಕದಲ್ಲಿ ಹಿತ್ತಲ ಕೋಳಿಗಳನ್ನು ಬಿಡುವುದು ಇಬ್ಬರಿಗೂ ಅಪಾಯ. ಕೊಕ್ಕರೆ ರೋಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ. ಹಕ್ಕಿಜ್ವರ ಕಂಡರೆ 1 ಕಿಲೋಮೀಟರ್ ಸುತ್ತಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. 2020ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಈ ರೋಗ ಕಾಣಿಸಿಕೊಂಡಾಗ ಸುತ್ತಲಿನ ಮನೆಗಳ ಕೋಳಿಗಳೂ ಉಳಿಯಲಿಲ್ಲ.

ಗೂಡನ್ನು ಪ್ರತಿದಿನ ಗುಡಿಸಿ, ಹಿಕ್ಕೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ನೊಣ ಏಳದು, ಒಳ್ಳೆಯ ಗೊಬ್ಬರವೂ ಆಗುತ್ತದೆ. ಗೂಡು ಕಟ್ಟುವ ಮೊದಲು ನೆರೆಯವರಿಗೆ ಒಂದು ಮಾತು ಹೇಳಿ. ಕಾನೂನು ಕೇಳದಿದ್ದರೂ ಮುಂದಿನ ಎಷ್ಟೋ ತಕರಾರುಗಳನ್ನು ಅದು ತಪ್ಪಿಸುತ್ತದೆ. ಹೆಚ್ಚಿನ ಸಲಹೆಗೆ ಹತ್ತಿರದ ಪಶು ವೈದ್ಯರನ್ನು ಕಾಣಿರಿ.