ಬಣ್ಣ ಮಾಸದ ಶಿಲಾಚಿತ್ರಗಳು

ಕುಂಚವಿಲ್ಲ, ವರ್ಣವಿಲ್ಲ, ಆದರೂ ಕಪ್ಪು ಅಮೃತಶಿಲೆಯ ಹಲಗೆಯ ಮೇಲೆ ಹಣ್ಣಿನ ಗೊಂಚಲು ತೂಗುತ್ತದೆ, ಕೊಂಬೆಯ ಮೇಲೆ ಹಕ್ಕಿ ಕುಳಿತಿದೆ. ಇದು ಇಟಲಿಯ ಫ್ಲಾರೆನ್ಸ್ ನಗರದ ಶಿಲಾಜೋಡಣೆಯ ಕಲೆ. ‘ಪಿಯೆತ್ರಾ ದೂರಾ’, ಅಂದರೆ ಗಟ್ಟಿಶಿಲೆ ಎಂಬುದು ಇದರ ಪ್ರಸಿದ್ಧ ಹೆಸರು. ಮೆಡಿಚಿ ವಂಶದ ಒಂದನೆಯ ಫರ್ಡಿನಾಂಡೊ 1588ರಲ್ಲಿ ಈ ಕಲೆಗೆಂದೇ ರಾಜಾಶ್ರಯದ ಕಾರ್ಯಾಗಾರವೊಂದನ್ನು ಸ್ಥಾಪಿಸಿದನು. ಅದರಿಂದ ಬೆಳೆದ ಸಂಸ್ಥೆ ಇಂದು ಕಲಾಕೃತಿಗಳ ಸಂರಕ್ಷಣೆಗೆ ಹೆಸರಾಗಿದೆ.

ಶಿಲ್ಪಿ ಮೊದಲು ಚಿತ್ರವನ್ನು ಕಾಗದದ ಮೇಲೆ ಬರೆದು, ತುಂಡು ತುಂಡಾಗಿ ವಿಂಗಡಿಸುತ್ತಾನೆ. ಅನಂತರ ಅಗೇಟ್, ಜಾಸ್ಪರ್, ಆಫ್ಘಾನಿಸ್ತಾನದ ಕಡುನೀಲಿ ಲ್ಯಾಪಿಸ್ ಮುಂತಾದ ಕಲ್ಲುಗಳ ತೆಳುಬಿಲ್ಲೆಗಳಲ್ಲಿ ತಕ್ಕ ಛಾಯೆಯನ್ನು ಹುಡುಕುತ್ತಾನೆ. ಎಲೆಯ ನೆರಳು, ಹಣ್ಣಿನ ಕೆಂಪು, ಎಲ್ಲವೂ ಕಲ್ಲಿನೊಳಗೇ ಹುಟ್ಟಿದ ಬಣ್ಣಗಳು. ಮರದ ಬಿಲ್ಲಿಗೆ ಕಟ್ಟಿದ ಲೋಹದ ತಂತಿಗೆ ನೀರು ಬೆರೆಸಿದ ಒರಟು ಪುಡಿಯನ್ನು ಹಚ್ಚುತ್ತ ಬಿಲ್ಲೆಯನ್ನು ಮೆಲ್ಲಮೆಲ್ಲನೆ ಕೊಯ್ಯಬೇಕು. ತುಂಡುಗಳ ಸಂದು ಕಣ್ಣಿಗೆ ಕಾಣದಂತೆ ಕೂಡಿದಾಗಲೇ ಕೆಲಸ ಸಾರ್ಥಕ.

ಇಂಥ ಕೃತಿಗಳಿಗೆ ಸಂಗ್ರಾಹಕರು ತೆತ್ತ ಬೆಲೆ ಬೆರಗು ಹುಟ್ಟಿಸುವಂಥದು. ಇಂಗ್ಲೆಂಡಿನ ಡ್ಯೂಕನೊಬ್ಬನಿಗಾಗಿ ಹದಿನೆಂಟನೆಯ ಶತಮಾನದಲ್ಲಿ ಫ್ಲಾರೆನ್ಸಿನಲ್ಲಿ ಸಿದ್ಧವಾದ ‘ಬ್ಯಾಡ್ಮಿಂಟನ್ ಕಪಾಟು’ 2004ರ ಲಂಡನ್ ಹರಾಜಿನಲ್ಲಿ ಸುಮಾರು 1 ಕೋಟಿ 90 ಲಕ್ಷ ಪೌಂಡಿಗೆ ಲೀಕ್ಟೆನ್‌ಸ್ಟೈನ್ ರಾಜಮನೆತನದ ಸಂಗ್ರಹವನ್ನು ಸೇರಿತು.

ಕೊಳ್ಳುವವರಿಗೆ ಪಾರಖಿಯ ಕಣ್ಣು ಬೇಕು. ಬಣ್ಣ ಬೆರೆಸಿದ ಜಿಪ್ಸಮ್ ಗಾರೆಯ ‘ಸ್ಕಾಲ್ಯೋಲಾ’ ದೂರದಿಂದ ಶಿಲೆಯಂತೆಯೇ ತೋರುತ್ತದೆ. ನಿಜವಾದ ಕಲ್ಲು ಮುಟ್ಟಿದರೆ ಅದಕ್ಕಿಂತ ತಣ್ಣಗಿರುತ್ತದೆ. ಅದರ ನರಗಳು ಸಂದಿನ ಬಳಿ ಥಟ್ಟನೆ ನಿಲ್ಲುತ್ತವೆ. ಇನ್ನೊಂದು ತೊಡಕೂ ಉಂಟು. ಹಳೆಯ ಕಪಾಟುಗಳನ್ನು ಒಡೆದು, ಅವುಗಳ ಫಲಕಗಳನ್ನು ಹೊಸ ಪೀಠೋಪಕರಣಗಳಿಗೆ ಕೂಡಿಸುವ ಪದ್ಧತಿ ಫ್ರಾನ್ಸಿನಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಇತ್ತು. ಆದ್ದರಿಂದ ಫಲಕದ ವಯಸ್ಸು, ಮರದ ವಯಸ್ಸು ಒಂದೇ ಆಗಿರಬೇಕೆಂದಿಲ್ಲ.

ಹೀಗೆ ನೆಲೆ ತಪ್ಪಿದ ಫಲಕಗಳ ಕಥೆ ನಮ್ಮ ದೇಶದಲ್ಲಿಯೂ ನಡೆದಿದೆ. ದೆಹಲಿಯ ಕೆಂಪುಕೋಟೆಯ ದಿವಾನ್-ಇ-ಆಮ್‌ನಲ್ಲಿ ಸಿಂಹಾಸನದ ಹಿಂದಿನ ಗೋಡೆಯಲ್ಲಿ ಹಕ್ಕಿ ಹೂಗಳ ಶಿಲಾಫಲಕಗಳಿವೆ. ಮೇಲ್ಭಾಗದ ಪುಟ್ಟ ಫಲಕದಲ್ಲಿ ಗ್ರೀಕ್ ಪುರಾಣದ ಆರ್ಫಿಯಸ್ ವಾದ್ಯ ನುಡಿಸಿ ಮೃಗಗಳನ್ನು ಮೋಹಗೊಳಿಸುತ್ತಿದ್ದಾನೆ. ಇದು ಫ್ಲಾರೆನ್ಸಿನ ಕೆಲಸವೆಂಬುದು ವಿದ್ವಾಂಸರ ಬಹುಮತ. 1857ರ ದಂಗೆಯ ತರುವಾಯ ಬ್ರಿಟಿಷ್ ಅಧಿಕಾರಿಯೊಬ್ಬನು ಇದನ್ನು ಕಿತ್ತು ಲಂಡನ್ನಿಗೆ ಒಯ್ದನು. ಲಾರ್ಡ್ ಕರ್ಜನ್ನನ ಮುತುವರ್ಜಿಯಿಂದ ಅದು ಮರಳಿ ಬಂದಿತು. ಇಟಲಿಯ ಕುಶಲಿಯೊಬ್ಬನು ಗೋಡೆಯನ್ನು ದುರಸ್ತಿಗೊಳಿಸಿದನು.

ಕಲ್ಲಿನ ಬಣ್ಣ ಶತಮಾನಗಳು ಕಳೆದರೂ ಮಾಸದು. ಆದರೆ ಅದು ಕೂಡಿದ ಗೋಡೆಯನ್ನೂ ಕಪಾಟನ್ನೂ ಉಳಿಸಿಕೊಳ್ಳುವುದು ಮನುಷ್ಯನ ಕೈಯಲ್ಲಿದೆ.