ತೂಕ, ತಿರುವು ಮತ್ತು ನನ್ನ ಮೋಟಾರ್ ಸೈಕಲ್ಲು

ಪ್ರತಿವರ್ಷ ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಮಧುಮೇಹ, ರಕ್ತದೊತ್ತಡ, ಬೆನ್ನುನೋವು ಮೊದಲಾದವನ್ನು ಕುರಿತು ವೈದ್ಯಮಿತ್ರರು ಬರೆಯುವುದು ವಾಡಿಕೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥ ವಾಣಿಜ್ಯ ಪದವೀಧರನಿಗೆ ಆ ಪುಟಗಳಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಾನು ಬರೆಯಹೊರಟಿರುವುದು ಮೋಟಾರ್ ಸೈಕಲ್ಲಿನ ವಿಷಯ. ಅದು ಕಡೆಗೆ ನನ್ನ ಸೊಂಟದ ಸುತ್ತಳತೆಯವರೆಗೂ ಬಂದು ಮುಟ್ಟಿದ್ದರಿಂದ ಸಂಪಾದಕರು ಸ್ಥಳ ಕೊಡಲು ಒಪ್ಪಿದ್ದಾರೆ.

ವರ್ಗವಾಗಿ ಪುಣೆಗೆ ಬಂದು ಹನ್ನೊಂದು ವರ್ಷಗಳಾದವು. ಧಾರವಾಡದಲ್ಲಿರುವ ತಾಯಿಯವರನ್ನು ಕಾಣಲು ವರ್ಷಕ್ಕೆ ಮೂರು ನಾಲ್ಕು ಬಾರಿ ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮಾರ್ಗವಾಗಿ 400 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸುತ್ತೇನೆ. ನಮ್ಮ ತಂದೆಯವರ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ಅದರ ಧ್ವನಿ ನನ್ನ ಕಿವಿಯಿಂದ ಹೋಗಲಿಲ್ಲ. ಹೀಗಾಗಿ 2022ರಲ್ಲಿ, ನಲವತ್ತು ದಾಟಿದ ಮೇಲೆ, 300 ಸಿ.ಸಿ. ವರ್ಗದ ಕ್ರೀಡಾ ಮಾದರಿಯ ಮೋಟಾರ್ ಸೈಕಲ್ಲೊಂದನ್ನು ಒಬ್ಬರಿಂದ ಬಳಸಿದ್ದನ್ನೇ ಕೊಂಡೆ. "ಅಲ್ರೀ, ಮಗಾ ಕೇಳಬೇಕಾದ್ದನ್ನ ನೀವು ತಂದೀರಲ್ರೀ?" ಎಂದು ಮನೆಯವರು ನಕ್ಕರು.

ಕೊಂಡವನು ಸುಮ್ಮನಿರಲಿಲ್ಲ. ಉತ್ತಮಪಡಿಸಬೇಕೆಂಬ ಹಂಬಲದಿಂದ ಹಿಂದಿನ ಚಕ್ರಕ್ಕೆ 150ರ ಬದಲು 160ರ ಅಗಲದ ಟೈರ್ ಹಾಕಿಸಿದೆ, ಬಣ್ಣದ ಲಿವರುಗಳನ್ನು ಕೂಡಿಸಿದೆ. ಒಟ್ಟು ಖರ್ಚು ಹದಿನೆಂಟು ಸಾವಿರ. ಸಾಲದ ಅರ್ಜಿಯನ್ನು ಹತ್ತು ಸಲ ತಿರುವಿ ನೋಡುವ ನಾನು ಈ ಖರ್ಚಿಗೆ ಒಂದೇ ಒಂದು ಪ್ರಶ್ನೆಯನ್ನೂ ಹಾಕಿಕೊಳ್ಳಲಿಲ್ಲ.

ಅದೇ ವರ್ಷದ ನವೆಂಬರಿನ ಒಂದು ಶನಿವಾರ ಮುಂಜಾನೆ ಖಂಬಾಟಕಿ ಘಟ್ಟವನ್ನು ಏರುತ್ತಿದ್ದೆ. ಸಾತಾರಾ ಕಡೆಗೆ ಹೋಗುವವರಿಗೆ ಅಲ್ಲಿ ಏರು ಮತ್ತು ತಿರುವುಗಳು ಒಟ್ಟಿಗೇ ಎದುರಾಗುತ್ತವೆ. ಎಡ ತಿರುವೊಂದರಲ್ಲಿ ಗಾಡಿಯನ್ನು ಬಾಗಿಸಿ ಆಕ್ಸಿಲರೇಟರ್ ಕೊಟ್ಟೆ. ಗಾಡಿ ನಾನು ನೋಡುತ್ತಿದ್ದ ಕಡೆಗೆ ತಿರುಗದೆ ಬಲಕ್ಕೆ ಜಾರುತ್ತ ಹೋಯಿತು. ಬಲಬದಿಯಲ್ಲಿ ಲಾರಿಯೊಂದು ತೆವಳುತ್ತಿತ್ತು. ಅದರ ಹಿಂಚಕ್ರದ ನಟ್ಟುಗಳನ್ನು ಎಣಿಸಬಹುದಾದಷ್ಟು ಹತ್ತಿರಕ್ಕೆ ಹೋಗಿ ಹೇಗೋ ಪಾರಾದೆ. ಘಟ್ಟದ ಮೇಲೆ ಗಾಡಿ ನಿಲ್ಲಿಸಿದಾಗ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಲು ಬೆರಳುಗಳು ಕೇಳುತ್ತಿರಲಿಲ್ಲ. ವೇಗ ಗಂಟೆಗೆ 50 ಕಿಲೋಮೀಟರನ್ನು ಮೀರಿರಲಿಲ್ಲ. ಆದ್ದರಿಂದಲೇ ಹೆದರಿಕೆ ಹೆಚ್ಚಾಯಿತು.

ಪುಣೆಗೆ ಮರಳಿದ ಮೇಲೆ ಪರಿಚಿತರೊಬ್ಬರು ಹೇಳಿದ ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಹಿರಿಯ ವಯಸ್ಸಿನವರು. ಎಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡದೆ, "ಸಾಹೇಬ್, ತೂಕ ಎಷ್ಟು?" ಎಂದರು. ಗಾಡಿಯದೋ ಎಂದೆ. "ಗಾಡಿಯದು ಪುಸ್ತಕದಲ್ಲಿದೆ, ನಿಮ್ಮದು ಹೇಳಿ" ಎಂದರು. ನನ್ನ ತೂಕ 86 ಕಿಲೋ. ಹೆಲ್ಮೆಟ್ಟು, ಜಾಕೀಟು, ಬೂಟು ಸೇರಿ 94.

ಮೊದಲು ಟೈರುಗಳ ಗಾಳಿ ನೋಡಿದರು. ಮುಂದಿನದು ಹೇಳಿದ್ದಕ್ಕಿಂತ ಬಹಳ ಕಡಿಮೆಯಿತ್ತು. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಅಳೆಯತಕ್ಕದ್ದು. ಓಡಿಸಿ ಬಂದ ಮೇಲೆ ಅಳೆದರೆ ಒಳಗಿನ ಗಾಳಿ ಕಾದು ಒತ್ತಡ ಹೆಚ್ಚಾಗಿಯೇ ತೋರುತ್ತದೆ. ಆಮೇಲೆ ಮುಂಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿ, ಕೋನ್‌ಸೆಟ್ಟಿನಲ್ಲಿ ಸಡಿಲವಾಗಲಿ ನಡುವೆ ಸಿಕ್ಕಿಕೊಳ್ಳುವ ಗುಣವಾಗಲಿ ಇಲ್ಲವೆಂದು ಖಾತರಿ ಮಾಡಿಕೊಂಡರು. ಅಗಲದ ಟೈರನ್ನು ಕಂಡು ಮಾತ್ರ ತಲೆಯಾಡಿಸಿದರು. ರಿಮ್ಮಿನ ಅಗಲ ಹಳೆಯದೇ ಆದ್ದರಿಂದ ದೊಡ್ಡ ಟೈರ್ ಅದರ ಮೇಲೆ ಹಿಸುಕಿಕೊಂಡು ತನ್ನ ದುಂಡನ್ನು ಕಳೆದುಕೊಂಡಿತ್ತು. ಗಾಡಿ ಬಾಗಲು ತಡಮಾಡುವುದಕ್ಕೆ ಅದೂ ಒಂದು ಕಾರಣ. ನನ್ನ ಖರ್ಚಿನ ಬಹುಭಾಗ ಅಲ್ಲಿಗೆ ಮುಳುಗಿತು.

ಇನ್ನು ಮುಖ್ಯ ವಿಷಯ. ಸವಾರ ಕುಳಿತಾಗ ಸ್ಪ್ರಿಂಗು ಎಷ್ಟು ಕುಸಿಯುತ್ತದೆಂಬುದು ಗಾಡಿಯ ನಡತೆಯನ್ನೆಲ್ಲ ನಿರ್ಧರಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಅಳೆಯುವ ಕ್ರಮ ಸುಲಭ. ಹಿಂಚಕ್ರವನ್ನು ನೆಲದಿಂದ ಎತ್ತಿ, ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪಿನಲ್ಲಿ ಅಳೆಯಬೇಕು. ಆಮೇಲೆ ಪೂರ್ಣ ಉಡುಪಿನಲ್ಲಿ ಸವಾರ ಕುಳಿತು, ಮತ್ತೊಬ್ಬರು ಗಾಡಿ ಹಿಡಿದುಕೊಂಡಿರಲು, ಅದೇ ಅಂತರವನ್ನು ಮತ್ತೆ ಅಳೆಯಬೇಕು. ಎರಡರ ವ್ಯತ್ಯಾಸವೇ ಕುಸಿತ. ರಸ್ತೆಯ ಕ್ರೀಡಾ ಗಾಡಿಗೆ ಇದು ಸುಮಾರು 30ರಿಂದ 35 ಮಿ.ಮೀ. ಇದ್ದರೆ ಸರಿ. ನನ್ನದು 50! ಹಿಂಬದಿ ಅಷ್ಟು ಕುಳಿತರೆ ಮುಂದಿನ ಫೋರ್ಕು ಹಿಂದಕ್ಕೆ ವಾಲುತ್ತದೆ, ಮುಂಚಕ್ರದ ಮೇಲಿನ ಭಾರ ತಗ್ಗುತ್ತದೆ, ಹ್ಯಾಂಡಲು ಜಡವಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಹಿಂಬದಿ ಇನ್ನಷ್ಟು ತಗ್ಗುತ್ತದೆ. ಖಂಬಾಟಕಿಯಲ್ಲಿ ಆದದ್ದು ಇದೇ.

ಹಿಂದಿನ ಶಾಕ್ ಅಬ್ಸಾರ್ಬರಿಗೆ, ಅಂದರೆ ಗ್ಯಾರೇಜಿನವರ ಶಾಕಪ್ಪಿಗೆ, ಪ್ರೀಲೋಡಿನ ಐದು ಮೆಟ್ಟಿಲುಗಳಿದ್ದವು. ಗಾಡಿ ಮೊದಲನೆಯದರಲ್ಲಿತ್ತು. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ಬಹುಮಂದಿ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಹಾಗಲ್ಲ. ಸ್ಪ್ರಿಂಗಿನ ಬಲ ಇದ್ದಷ್ಟೇ ಇರುತ್ತದೆ, ಗಾಡಿ ನಿಲ್ಲುವ ಎತ್ತರವಷ್ಟೇ ಬದಲಾಗುತ್ತದೆ. ಒಂದೊಂದೇ ಮೆಟ್ಟಿಲು ಏರಿಸಿ ಅಳೆದಾಗ 46, 42, 38, ಕಡೆಯದರಲ್ಲಿ 34 ಬಂತು. ನಾನು ಸಂತೋಷಪಟ್ಟೆ, ಮೇಸ್ತ್ರಿಯವರು ಪಡಲಿಲ್ಲ. ನಾನು ಇಳಿದ ಮೇಲೆ ಗಾಡಿ ತನ್ನ ಭಾರಕ್ಕೆ ತಾನು ಎಷ್ಟು ಕುಸಿಯುತ್ತದೆಂದು ನೋಡಿದರು. ಬರೀ 3 ಮಿ.ಮೀ. ಅದು 5ರಿಂದ 10ರವರೆಗಾದರೂ ಇರಬೇಕಂತೆ; ಇಲ್ಲವಾದರೆ ರಸ್ತೆಯ ತಗ್ಗು ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯಲು ಅವಕಾಶವಿಲ್ಲ. ಅರ್ಥವಿಷ್ಟೆ: ಈ ಸ್ಪ್ರಿಂಗು ನನ್ನ ತೂಕಕ್ಕೆ ಮೆದು. "ಗಟ್ಟಿ ಸ್ಪ್ರಿಂಗ್ ತರಿಸಿ, ಇಲ್ಲದಿದ್ದರೆ..." ಎಂದು ಅವರು ನನ್ನ ಹೊಟ್ಟೆಯನ್ನು ನೋಡಿ ಮಾತು ನಿಲ್ಲಿಸಿದರು.

ಆ ವಾಕ್ಯವನ್ನು ಪೂರ್ಣ ಮಾಡಿದವರು ನಮ್ಮ ವೈದ್ಯರು. ಆ ವರ್ಷದ ತಪಾಸಣೆಯಲ್ಲಿ ಸಕ್ಕರೆ ಗಡಿಯಲ್ಲಿತ್ತು, ಸೊಂಟನೋವು ಎರಡು ವರ್ಷದ್ದು. ತಗ್ಗಿದ ಹ್ಯಾಂಡಲಿನ ಗಾಡಿಯಲ್ಲಿ ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹೇರಿ ಕೂರುವುದೇ ತಪ್ಪೆಂದರು. ಟ್ಯಾಂಕನ್ನು ಮೊಣಕಾಲುಗಳಿಂದ ಅವಚಿ, ಹೊಟ್ಟೆ ಬೆನ್ನುಗಳ ಸ್ನಾಯುಗಳಿಂದ ದೇಹವನ್ನು ಹೊರಬೇಕು. ಆ ಸ್ನಾಯುಗಳನ್ನು ಬೆಳೆಸಿಕೊಳ್ಳುವುದು ದಿನವೂ ಮಾಡತಕ್ಕ ಕೆಲಸ. ಹ್ಯಾಂಡಲಿನ ಮೇಲೆ ಕೈ ಹಗುರವಾದಷ್ಟೂ ತಿರುವಿನಲ್ಲಿ ಗಾಡಿ ಸ್ಥಿರವಾಗಿರುತ್ತದೆಂಬುದನ್ನು ಅವರು ಹೇಳಲಿಲ್ಲ. ಅದು ನಾನು ಕಂಡುಕೊಂಡದ್ದು.

ಸ್ಪ್ರಿಂಗಿನ ಬೆಲೆ ವಿಚಾರಿಸಿದೆ, ವಾಯುಸೇವನೆಯ ಬೆಲೆಯನ್ನೂ ಯೋಚಿಸಿದೆ. ಎಂಟು ತಿಂಗಳು ಬೆಳಗಿನ ನಡಿಗೆ, ರಾತ್ರಿ ಅನ್ನದ ಬದಲು ಜೋಳದ ಒಂದು ರೊಟ್ಟಿ. ತೂಕ 79ಕ್ಕೆ ಇಳಿಯಿತು. ಈಗ ನಾಲ್ಕನೆಯ ಮೆಟ್ಟಿಲಿನಲ್ಲಿ ಕುಸಿತ 36, ಗಾಡಿಯ ಸ್ವಂತ ಕುಸಿತ 7. ಪುಸ್ತಕದ ಲೆಕ್ಕಕ್ಕಿಂತ ಒಂದು ಮಿ.ಮೀ. ಹೆಚ್ಚು, ಅದನ್ನು ಮನ್ನಾ ಮಾಡಿದ್ದೇನೆ. ಜೊತೆಗೆ ಫೋರ್ಕಿನ ಎಣ್ಣೆ ಬದಲಾಯಿಸಲಾಯಿತು. ಹಳೆಯದು ಮಸಿಯಂತಿತ್ತು. ಸ್ಪ್ರಿಂಗು ಕುಣಿಯದಂತೆ ತಡೆಯುವುದು ಆ ಎಣ್ಣೆಯೇ ಎಂಬುದು ಅದನ್ನು ಕಂಡ ಮೇಲೆಯೇ ನನಗೆ ಮನದಟ್ಟಾದದ್ದು.

ಹೊಸ ಗಾಡಿಗಳಲ್ಲಿ ಅನುಕೂಲಗಳು ಹೆಚ್ಚು. 2017ರಲ್ಲಿ ಹೊಸೂರಿನ ಟಿ.ವಿ.ಎಸ್. ಕಂಪನಿ ತಂದ ಅಪಾಚೆ ಆರ್.ಆರ್. 310ಕ್ಕೆ 2021ರಿಂದ ಹೊಂದಿಸಿಕೊಳ್ಳಬಲ್ಲ ಸಸ್ಪೆನ್ಷನ್ನನ್ನು ಕೇಳಿ ಹಾಕಿಸಿಕೊಳ್ಳುವ ಏರ್ಪಾಡು ಬಂತು. ಅಂಥ ಗಾಡಿಯುಳ್ಳವರು ತಿರುಪುಗಳನ್ನು ಮುಟ್ಟುವ ಮೊದಲು ಕಾರ್ಖಾನೆಯ ಸ್ಥಿತಿಯನ್ನು ಬರೆದಿಟ್ಟುಕೊಳ್ಳಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ವೇಗ. ಎರಡು ನಮೂದುಗಳನ್ನು ಒಟ್ಟಿಗೆ ತಿದ್ದಿದರೆ ತಪ್ಪು ಯಾವುದರಲ್ಲಿತ್ತೆಂದು ಯಾವ ಲೆಕ್ಕಪರಿಶೋಧಕನೂ ಹೇಳಲಾರ. ಇನ್ನೊಂದು ಮಾತು: ಗಾಡಿಯ ಮೂಲ ವಿವರಗಳನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಿಯಾಗಿದೆ. ಆರ್ಭಟಿಸುವ ಸೈಲೆನ್ಸರಿನ ಅಭಿಲಾಷಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಮುಂದಿನ ಬಾರಿ ಹೊರಟಾಗ ಅದೇ ಘಟ್ಟ, ಅದೇ ಎಡ ತಿರುವು. ಮೂಲ ಅಳತೆಯ ಟೈರಿನ ಮೇಲೆ ಗಾಡಿ ನಾನು ನೋಡಿದ ಕಡೆಗೆ ತಿರುಗಿತು, ಬೇರೇನೂ ಆಗಲಿಲ್ಲ. ನಡುನಡುವೆ ಇಳಿದು ನಡೆದಾಡುತ್ತ ಸಂಜೆ ಧಾರವಾಡ ಸೇರಿದೆ. ಅವ್ವ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೋ ತಮ್ಮಾ, ಇಷ್ಟ ಸೊರಗೀದಿ? ಪುಣ್ಯಾದಾಗ ಊಟಾ ಹಾಕೂದಿಲ್ಲೇನ?" ಎಂದಳು. ಸ್ಪ್ರಿಂಗಿನ ಕಥೆಯನ್ನು ವಿವರಿಸಲು ಹೋದೆ, ಆಕೆ ಅಷ್ಟರಲ್ಲಿ ಹೂರಣದ ಬೇಳೆ ಬೇಯಿಸಲು ಒಳಗೆ ಹೋಗಿದ್ದಳು. ಮರಳುವಾಗ ಹಿಂದಿನ ಸೀಟಿಗೆ ಎರಡು ಕಿಲೋ ಪೇಢೆಯ ಡಬ್ಬಿಯನ್ನು ಹಗ್ಗದಿಂದ ಬಿಗಿದಳು. ನಾನು ಒಂದು ಮೆಟ್ಟಿಲು ಪ್ರೀಲೋಡ್ ಏರಿಸಿಕೊಂಡೆ.